ಸದಾನಂದನ ಉಸಿರು ಮತ್ತು ನನ್ನ ಬ್ಲೇಡು

ರೆಕಾರ್ಡಿಂಗ್ ಕಂಪನಿಯಲ್ಲಿ ಕೆಲಸ ಎಂದು ಬಾಯಿಬಿಟ್ಟರೆ ಸಾಕು, ಮದುವೆ ಮುಂಜಿಗಳಲ್ಲಿ ಹೆಂಗಸರು ನನ್ನನ್ನು ಹಿಡಿದು ಕೂರಿಸಿ "ಒಂದು ದೇವರನಾಮ ಹೇಳಿ" ಎನ್ನುತ್ತಿದ್ದರು. ಹಾಡಲು ಬರುವುದಿಲ್ಲ ಎಂದರೆ ಬಿಂಕ ಎಂದುಕೊಳ್ಳುತ್ತಿದ್ದರು. ನಾನು ಮಾಡುತ್ತಿದ್ದುದು ಕತ್ತರಿಸುವ ಕೆಲಸ. ಬೈಕುಲ್ಲಾದ ತರಕಾರಿ ಮಂಡಿಯ ಹಿಂದಿನ ಗಲ್ಲಿಯಲ್ಲಿ ನಮ್ಮ ಸ್ಟುಡಿಯೋ ಇತ್ತು. ಅಲ್ಲಿ ಒಂದು ಮೇಜು, ಶೇವಿಂಗ್ ಬ್ಲೇಡು, ಬಿಳಿ ಪೆನ್ಸಿಲ್ಲು, ಅಂಟುಪಟ್ಟಿ ಇಟ್ಟುಕೊಂಡು ಬೇರೆಯವರು ಹಾಡಿದ್ದರಲ್ಲಿ, ಮಾತಾಡಿದ್ದರಲ್ಲಿ ಬೇಡವಾದದ್ದನ್ನು ತೆಗೆದುಹಾಕುತ್ತಿದ್ದೆ. ಹಾಗೆ ಬೇಡವಾದ ವಸ್ತುಗಳಲ್ಲಿ ಎಲ್ಲಕ್ಕಿಂತ ಮೊದಲಿನದು ಉಸಿರು.

ನನ್ನ ತಂಗಿಯ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಅವಳಿಗೆ ಮೇಜೂ ಬೇಡ, ಬ್ಲೇಡೂ ಬೇಡ. ತೊಡೆಯ ಮೇಲೊಂದು ಕಂಪ್ಯೂಟರು ಸಾಕು. "ದೊಡ್ಡಮ್ಮಾ, ತಪ್ಪು ಕಟ್ ಮಾಡಿದ್ರೆ ಅನ್‌ಡೂ ಇರ್ಲಿಲ್ವಲ್ಲ, ಏನ್ ಮಾಡ್ತಿದ್ರಿ?" ಎಂದು ಮೊನ್ನೆ ಕೇಳಿದಳು. ಊಟಕ್ಕೆ ಕೂತಿದ್ದೆವು, ಎರಡು ಮಾತಿನಲ್ಲಿ ಹೇಳಿ ಮುಗಿಸಿದೆ. ಆಮೇಲೆ ಅನ್ನಿಸಿತು, ಅದು ಎರಡು ಮಾತಿನಲ್ಲಿ ಮುಗಿಯುವ ಸಂಗತಿಯಲ್ಲ. ಅವಳಿಗೂ ಅವಳ ಜೊತೆಯವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ಮದುವೆಯಾಗಿ ಮೈಸೂರಿನಿಂದ ಕುರ್ಲಾಕ್ಕೆ ಬಂದಾಗ ನನಗೆ ಟೈಪಿಂಗ್ ಒಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇವರದು ಫೋರ್ಟಿನಲ್ಲಿ ಬ್ಯಾಂಕಿನ ಕೆಲಸ. ನಾನು ಸ್ಟುಡಿಯೋಗೆ ಸೇರಿದ್ದು ಲೇಬಲ್ ಟೈಪ್ ಮಾಡುವುದಕ್ಕೆ. ಆಗ ಟೇಪು ಕತ್ತರಿಸುತ್ತಿದ್ದಾತ ಗಲ್ಫಿಗೆ ಹಾರಿಹೋದ. ನಮ್ಮ ಮುಖ್ಯ ಇಂಜಿನಿಯರು ಸೊರಾಬ್ ಸಾಹೇಬರು, ವಯಸ್ಸಾದ ಪಾರ್ಸಿ, ಬಿಳಿ ಪ್ಯಾಂಟಿಗೆ ಇಸ್ತ್ರಿ ತಪ್ಪಿದ್ದನ್ನು ನಾನು ನೋಡಿಲ್ಲ. ಊಟದ ಬಿಡುವಿನಲ್ಲಿ ನಾನು ಮಂಡಿಯಿಂದ ತಂದ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿದ್ದೆ. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನ ಬೆರಳುಗಳನ್ನೇ ನೋಡಿದರು. "ತುಮ್ಹಾರಾ ಉಂಗ್ಲೀ ಜಲ್ದಿ ನಹೀಂ ಕರ್ತಾ. ಅಚ್ಛಾ ಹೈ" ಎಂದರು. ಆತುರವಿಲ್ಲದ ಬೆರಳು ಎಂಬುದೊಂದೇ ನನ್ನ ಅರ್ಹತೆಯಾಯಿತು. ಮರುದಿನದಿಂದ ಆ ಮೇಜು ನನ್ನದು.

ಕೆಲಸ ಹೀಗೆ. ಕಾಲಿಂಚು ಅಗಲದ ಕಂದು ಟೇಪು ಮಶೀನಿನ ಎರಡು ಚಕ್ರಗಳ ನಡುವೆ ಓಡುತ್ತದೆ. ಬೇಡದ ಜಾಗ ಬಂದಾಗ ಮಶೀನು ನಿಲ್ಲಿಸಿ ಚಕ್ರಗಳನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಬೇಕು. ಮಾತು ಗೊಗ್ಗರು ದನಿಯಲ್ಲಿ ಗೊರಗೊರ ಅನ್ನುತ್ತದೆ. ಉಸಿರಾದರೆ ಅಕ್ಕಿ ಜರಡಿ ಹಿಡಿದ ಹಾಗೆ ಸರಸರ. ಶುರುವಿಗೊಂದು, ಕೊನೆಗೊಂದು ಬಿಳಿ ಗೆರೆ. ತೋಡು ಕೊರೆದ ಲೋಹದ ಪಟ್ಟಿಯ ಮೇಲೆ ಟೇಪು ಮಲಗಿಸಿ, ಬ್ಲೇಡನ್ನು ಓರೆಯಾಗಿ ಎಳೆದು, ಆ ತುಂಡು ತೆಗೆದು, ಎರಡು ತುದಿ ಸೇರಿಸಿ ಅಂಟಿಸಿಬಿಡುವುದು. ಒಂದು ಉಸಿರೆಂದರೆ ನನ್ನ ಗೇಣಿಗಿಂತ ಚೂರು ಕಡಿಮೆ.

"ಡಿಕ್ರೀ, ಸಾಂಸ್ ಗಾನೇವಾಲೇ ಕಾ ಪ್ರೈವೇಟ್ ಮಾಮ್ಲಾ ಹೈ. ಪಬ್ಲಿಕ್ ಕೋ ಕಾಯ್‌ಕೋ ಸುನಾನಾ?" ಇದು ಸೊರಾಬ್ ಸಾಹೇಬರ ಮೊದಲ ಪಾಠ. ಡಿಕ್ರೀ ಎಂದರೆ ಮಗಳೇ. ಉಸಿರು ಹಾಡುವವನ ಖಾಸಗಿ ವಿಷಯ, ಕೇಳುವವರಿಗೆ ಅದರ ಉಸಾಬರಿ ಯಾಕೆ ಎಂಬುದು ಅವರ ವಾದ. ಹಾಡಿನಲ್ಲಾದರೆ ವಾದ್ಯಗಳಿರುತ್ತವೆ, ಬ್ಲೇಡು ಹಾಕುವಂತಿಲ್ಲ. ಅಲ್ಲಿ ದನಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಗಾಯಕಿ ಉಸಿರೆಳೆಯುವ ಕ್ಷಣಕ್ಕೆ ಅದನ್ನು ಇಳಿಸಿ, ಸಾಲು ಶುರುವಾಗುವಾಗ ಏರಿಸುತ್ತಿದ್ದರು. ಸಾಹೇಬರ ಬೆರಳು ಅದರಲ್ಲಿ ಪಳಗಿತ್ತು. ನಾಟಕ, ಪ್ರವಚನ, ಮಕ್ಕಳ ಕಥೆ ಇವಕ್ಕೆಲ್ಲ ನನ್ನ ಬ್ಲೇಡು.

ಎರಡನೇ ಪಾಠ: ಕತ್ತರಿಸಿದ್ದು ಕ್ಯಾಸೆಟ್ಟಾಗಿ ಬಜಾರಿಗೆ ಬರುವವರೆಗೆ ಒಂದು ತುಂಡೂ ಕಸಕ್ಕೆ ಹೋಗಬಾರದು. ಅದಕ್ಕೆಂದು ನನ್ನ ಮೇಜಿನ ಕೆಳಗೆ ಬಿಸ್ಕತ್ತಿನ ದೊಡ್ಡ ಡಬ್ಬಿ ಇರುತ್ತಿತ್ತು. ಒಂದು ಮರಾಠಿ ನಾಟಕದಲ್ಲಿ ಕೆಮ್ಮು ಎಂದುಕೊಂಡು ನಾನು ಒಬ್ಬ ನಟರ ನಗುವನ್ನೇ ತೆಗೆದಿದ್ದೆ. ಅವರು ಬಂದು ಸೊಂಟದ ಮೇಲೆ ಕೈಯಿಟ್ಟು, "ಬಾಯೀ, ಮಾಝಂ ಹಸೂ ಕುಠೇ ಆಹೇ?" ನನ್ನ ನಗು ಎಲ್ಲಿ ಎಂದು ಕೇಳಿದರು. ಡಬ್ಬಿಗೆ ಕೈಹಾಕಿ ಹುಡುಕಿ ಕೊಟ್ಟೆ. ಕೆಮ್ಮಿನ ಹಾಗೇ ಇತ್ತು ಅದು, ಈಗಲೂ ಹಾಗೇ ಹೇಳುತ್ತೇನೆ.

ಆ ದಿನಗಳಲ್ಲಿ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿದವರು ಒಬ್ಬ ಪ್ರವಚನದ ಮಹಾರಾಜರು. ಹಿಂದಿಯಲ್ಲಿ ಕಥೆ ಹೇಳುತ್ತಿದ್ದರು. ಪ್ರತಿ ಮಾತಿನ ನಡುವೆ ಆಳದಿಂದ ಒಂದು ನಿಟ್ಟುಸಿರು, ಒಂದು "ಹೂಂ". ನಾನು ಶ್ರದ್ಧೆಯಿಂದ ಎಲ್ಲವನ್ನೂ ತೆಗೆದು ನಯ ಮಾಡಿ ಕೊಟ್ಟೆ. ಕ್ಯಾಸೆಟ್ ಕೇಳಿ ಅವರು ಸಿಟ್ಟಾಗಲಿಲ್ಲ. "ಬೇಟೀ, ಇದರಲ್ಲಿರುವವನು ಬಹಳ ಆತುರದ ಮನುಷ್ಯ. ಯೋಚನೆಯೇ ಮಾಡುವುದಿಲ್ಲ" ಎಂದು ನಕ್ಕರು. ನಾನು ಸಾಹೇಬರಿಗೆ ಹೇಳಿದೆ. "ಯೋಚನೆ ಆಶ್ರಮದಲ್ಲಿ ಮಾಡಲಿ, ಕ್ಯಾಸೆಟ್ ಅರವತ್ತು ನಿಮಿಷದ್ದು" ಎಂದರು. ಮಾತು ಅಲ್ಲಿಗೆ ಮುಗಿಯಿತು. ಮಹಾರಾಜರು ಮಾತ್ರ ವರ್ಷಕ್ಕೆರಡು ಬಾರಿ ಬರುತ್ತಲೇ ಇದ್ದರು, ನಾನು ತೆಗೆಯುತ್ತಲೇ ಇದ್ದೆ.

ತೊಂಬತ್ತರ ದಶಕ ಹುಟ್ಟುವ ಹೊತ್ತಿಗೆ ಎಲ್ಲೆಲ್ಲೂ ಕ್ಯಾಸೆಟ್ಟು. ಪಾನ್ ಅಂಗಡಿಯಲ್ಲೂ ಮಾರುತ್ತಿದ್ದರು. ನಮ್ಮ ಸ್ಟುಡಿಯೋಗೆ ಭಜನೆಯವರ ಜೊತೆಗೆ ಟೋಪಿ ತಿರುಗಿಸಿ ಹಾಕಿಕೊಂಡ ಹುಡುಗರೂ ಬರತೊಡಗಿದರು. ಹಾಡುವುದಿಲ್ಲ, ತಾಳಕ್ಕೆ ಸರಿಯಾಗಿ ಪಟಪಟ ಮಾತಾಡುತ್ತಾರೆ. ರ‍್ಯಾಪ್ ಎಂದರು. ಅವರಲ್ಲಿ ಸ್ಯಾಂಡಿ ಎಂಬವನಿಗೆ ಆಗಲೇ ದೊಡ್ಡ ಹೆಸರು. ಕಾಲೇಜು ಫೆಸ್ಟಿವಲ್ಲುಗಳಲ್ಲಿ ಅವನಿಲ್ಲದೆ ಆಗುತ್ತಿರಲಿಲ್ಲ. ಮೊದಲ ಕ್ಯಾಸೆಟ್ಟು, ಅರ್ಧ ಇಂಗ್ಲಿಷಿನದು, ಚೆನ್ನಾಗಿ ಓಡಿತ್ತು.

ಅವನು ನನ್ನ ಕೋಣೆಗೆ ಬಂದದ್ದು ನೀರು ಕೇಳಲು. ನಾನು ಫೋನಿನಲ್ಲಿ ಇವರಿಗೆ, "ಅಕ್ಕಿ ಆಯ್ತು, ಬರೋವಾಗ ತನ್ನಿ" ಎನ್ನುತ್ತಿದ್ದೆ. ಹುಡುಗ ಬಾಟಲಿ ಹಿಡಿದು ನಿಂತುಬಿಟ್ಟ.

"ಆಂಟೀ! ನೀವು ಕನ್ನಡವಾ?"

"ಮೈಸೂರು. ನೀನು?"

"ನನ್ನ ಅಸಲಿ ಹೆಸರು ಸದಾನಂದ. ಉಡುಪಿ. ಹಾಫ್ ತುಳು, ಥೋಡಾ ಕನ್ನಡ, ಬಾಕಿ ಸಬ್ ಬಂಬೈಯ್ಯಾ. ಫೋರ್ಟಲ್ಲಿ ನಮ್ಮದು ಹೋಟೆಲ್ ಉಂಟು, ಅಣ್ಣ ನೋಡ್ಕೊಳ್ತಾನೆ. ನೀವು ಯಾರಿಗೂ ಹೇಳ್ಬೇಡಿ ಹಾಂ, ಸ್ಯಾಂಡಿ ದೋಸೆ ಹೋಟೆಲ್‌ದು ಅಂತ!"

ಹೇಳಬೇಡಿ ಎಂದವನು ಹಾಡು ಬರೆದದ್ದು ಅದರ ಮೇಲೆಯೇ. ಹಾಡಿನ ಹೆಸರು 'ಏಕ್ ಸಾದಾ', ಅಂದರೆ ಒಂದು ಸಾದಾ ದೋಸೆ. ಫೋರ್ಟಿನ ಆಫೀಸುಗಳು ಊಟಕ್ಕೆ ಬಿಟ್ಟ ಹೊತ್ತು. ಒಬ್ಬ ಸಪ್ಲಾಯರ್ ಟೇಬಲ್ಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಟೇಬಲ್ಲಿಗೆ ಓಡುತ್ತಾ ಆರ್ಡರು ಕೂಗುತ್ತಾನೆ. ಏಕ್ ಸಾದಾ, ದೋ ಮಸಾಲಾ, ಸಾಂಬಾರ್ ಅಲಗ್, ಚಟ್ನಿ ಜ್ಯಾದಾ. ಮಧ್ಯೆ ಊರಿನ ನೆನಪು, ಮಾಲೀಕನ ಬೈಗುಳ, ಯಾರೋ ಹುಡುಗಿ ಅವನ ಕಡೆ ನೋಡದೆ ಕಾಫಿ ಹೇಳಿದ್ದು. ಕೊನೆಯ ಚರಣದಲ್ಲಿ ಗಿರಾಕಿಗಳೆಲ್ಲ ಹೋಗಿರುತ್ತಾರೆ, ಇವನು ತನ್ನ ತಟ್ಟೆಯನ್ನು ತಾನೇ ಕೂಗಿಕೊಳ್ಳುತ್ತಾನೆ. ಕೇಳಿದಾಗ ನನಗೆ ನಗು ಬಂತು, ಕೊನೆಗೆ ಬರಲಿಲ್ಲ.

ಇದೊಂದೇ ಹಾಡು ಕ್ಯಾಸೆಟ್ಟಿನ ಒಂದು ಬದಿ. ಇನ್ನೊಂದು ಬದಿಯಲ್ಲಿ ಬರೀ ತಾಳ, ಮಾತಿಲ್ಲ. ಇದಕ್ಕೆ ಸಿಂಗಲ್ ಎನ್ನುತ್ತಾರೆಂದು ನಮ್ಮ ಮಾರ್ಕೆಟಿಂಗ್ ಮ್ಯಾನೇಜರ್ ಮಲ್ಹೋತ್ರಾ ಹೇಳಿದರು. ಸೊರಾಬ್ ಸಾಹೇಬರಿಗೆ ಅರ್ಥವಾಗಲಿಲ್ಲ. "ಅರ್ಧ ಕ್ಯಾಸೆಟ್ಟಿನಲ್ಲಿ ಹಾಡುವವನೇ ಇಲ್ಲ! ಜನ ವಾಪಸ್ ತಂದು ನನ್ನ ತಲೆಗೆ ಹೊಡೆಯುತ್ತಾರೆ."

"ಇಲ್ಲ ಸರ್, ಆ ಬದಿಯಲ್ಲಿ ಜನ ತಾವೇ ಹಾಡ್ತಾರೆ."

"ಜನ ಹಾಡುವುದಾದರೆ ಇವನನ್ನೇಕೆ ಕರೆಸಿದಿರಿ?"

ರೆಕಾರ್ಡಿಂಗ್ ಮುಗಿಯಿತು. ಸದಾನಂದ ಮೈಕಿಗೆ ಬಾಯಿ ತಾಗಿಸಿಕೊಂಡೇ ಹೇಳುತ್ತಿದ್ದುದರಿಂದ ಉಸಿರು ಮಾತಿನಷ್ಟೇ ಜೋರಾಗಿ ಬಿದ್ದಿತ್ತು. ಸಾಹೇಬರು ಗುಂಡಿಯ ಮೇಲೆ ಬೆರಳಿಟ್ಟು ಕೂತರು. ಮಾತಿನ ವೇಗಕ್ಕೆ ಅವರ ಬೆರಳು ಮೊದಲ ಬಾರಿಗೆ ಸೋತಿತು. ಆಗ ಬ್ಲೇಡೇ ಗತಿ ಎಂದರು. ರೆಕಾರ್ಡಿಂಗಿನ ದೊಡ್ಡ ಮಶೀನಿನಲ್ಲಿ ಒಂದೊಂದು ವಾದ್ಯಕ್ಕೂ ದನಿಗೂ ಬೇರೆ ಬೇರೆ ಪಟ್ಟಿ, ಅಂದರೆ ಟ್ರ್ಯಾಕು, ಇರುತ್ತದೆ; ಅವನ ದನಿಯನ್ನಷ್ಟೇ ಅದರ ಪಟ್ಟಿಯಿಂದ ಬೇರೆ ಮಾಡಿ ಕಾಲಿಂಚಿನ ಟೇಪಿಗೆ ಇಳಿಸಿಕೊಟ್ಟರು. ನಾನು ಒಂದೊಂದು ಉಸಿರನ್ನೂ ತೆಗೆದು, ತಾಳ ಜಾರದಿರಲೆಂದು ಅಷ್ಟೇ ಉದ್ದದ ಖಾಲಿ ಟೇಪನ್ನು ಆ ಜಾಗಕ್ಕೆ ಕೂರಿಸಿದೆ. ಆ ಸ್ವಚ್ಛವಾದ ದನಿಯನ್ನು ಸಾಹೇಬರು ಸಾಲು ಸಾಲಾಗಿ ಹೊಂದಿಸಿ ಮತ್ತೆ ಮೂಲಕ್ಕೆ ಸೇರಿಸಿದರು. ನಮ್ಮದು ಎಂಟೇ ಪಟ್ಟಿಯ ಮಶೀನು, ಎಂಟೂ ತುಂಬಿದ್ದವು. ಹೊಸ ದನಿ ಹಳೆಯದರ ಮೇಲೆಯೇ ಹೋಗಬೇಕಾಯಿತು. ಹೋಯಿತು, ಹಳೆಯದು ಅಳಿಯಿತು. ನಮ್ಮಲ್ಲಿ ನಡೆಯುತ್ತಿದ್ದ ಕೆಲಸ ಹಾಗೇ. ಯಾರಿಗೂ ಏನೂ ಅನ್ನಿಸಲಿಲ್ಲ.

ಸದಾನಂದ ಆ ವಾರ ಪ್ರೋಗ್ರಾಮುಗಳಿಗೆಂದು ಊರೂರು ಸುತ್ತುತ್ತಿದ್ದ. ವಾಪಸ್ ಬಂದವನು ಒಬ್ಬನೇ ಬರಲಿಲ್ಲ. ಜೊತೆಗೆ ಅಡ್ಡಪಂಚೆಯ ಮೇಲೆ ಶರ್ಟು ತೊಟ್ಟ, ಹೊಟ್ಟೆ ಮುಂದೆ ಬಂದ ಅಣ್ಣ ಇದ್ದ. ಹೆಸರು ಜಯ.

"ಅಕ್ಕಾ, ನಾನು ಇವನ ಬಾಯಿ ಈಗ" ಎಂದು ಜಯಣ್ಣ ಕುರ್ಚಿ ಎಳೆದುಕೊಂಡ. "ಗಂಟಲಲ್ಲಿ ಗಂಟು ಉಂಟಂತೆ. ಡಾಕ್ಟ್ರು ಒಂದು ಅಕ್ಷರ ಮಾತಾಡ್ಬಾರ್ದು ಅಂದಿದ್ದಾರೆ. ಪಿಸುಗುಟ್ಟಿದ್ರೂ ಡೇಂಜರ್ ಅಂತೆ ಮಾರಾಯ್ರೆ. ಹಬ್ಬ ಕಳೆದ ಮೇಲೆ ಆಪರೇಷನ್. ಮನೆಯಲ್ಲಿ ಈಗ ಎಂಥಾ ಶಾಂತಿ! ಅಮ್ಮನಿಗೆ ಮಾತ್ರ ನಿದ್ದೆ ಇಲ್ಲ."

ಸದಾನಂದ ಅವನ ಕಾಲಿಗೆ ಮೆಲ್ಲಗೆ ಒದ್ದ.

"ಒದಿ, ಒದಿ. ಬೈಲಿಕ್ಕಂತೂ ಆಗುದಿಲ್ಲ ನಿನಗೆ."

ನಗುತ್ತಲೇ ಹೇಳಿದ್ದನ್ನು ಜಯಣ್ಣ ಆಮೇಲೆ ಗಂಭೀರವಾಗಿ ಮುಗಿಸಿದ. ಆಪರೇಷನ್ ಆದ ಮೇಲೆ ದನಿ ಬರುತ್ತದೆ, ಆದರೆ ಇದೇ ದನಿ ಬರುತ್ತದೆಂದು ಡಾಕ್ಟರು ಹೇಳಿಲ್ಲ. ಹಾಗಾದರೆ ನಮ್ಮ ಟೇಪಿನಲ್ಲಿದ್ದದ್ದೇ ಆ ದನಿಯ ಕೊನೆಯ ಹಾಡು. ಕೋಣೆಯಲ್ಲಿ ಎಲ್ಲರಿಗೂ ಅದು ತಿಳಿಯಿತು.

ಸಾಹೇಬರು ಹೆಮ್ಮೆಯಿಂದ ಟೇಪು ಹಾಕಿದರು. ಹಾಡು ಸ್ಪಷ್ಟವಾಗಿತ್ತು, ಒಂದೊಂದು ಅಕ್ಷರವೂ ತೊಳೆದ ಪಾತ್ರೆಯ ಹಾಗೆ ಫಳಫಳ. ಸದಾನಂದ ತಲೆ ಆಡಿಸುತ್ತಾ ಶುರುಮಾಡಿದವನು ಎರಡನೇ ಚರಣಕ್ಕೆ ತಲೆ ನಿಲ್ಲಿಸಿದ. ಮೂರನೆಯದಕ್ಕೆ ಎದ್ದು ನಿಂತ. ಮುಗಿದ ಮೇಲೆ ನನ್ನ ಕಡೆ ತಿರುಗಿ, ಅಂಗೈಯನ್ನು ಎದೆಯ ಮೇಲಿಟ್ಟು ಏರಿಸಿ ಇಳಿಸಿ, ಆಮೇಲೆ ಎರಡೂ ಕೈ ಬಿಚ್ಚಿ ತೋರಿಸಿದ. ಎಲ್ಲಿ?

ಜಯಣ್ಣನೇ ಹೇಳಿದ. "ಅಕ್ಕಾ, ನಂಗೆ ಹಾಡು ಗೀಡು ಗೊತ್ತಿಲ್ಲ. ಆದ್ರೆ ನಾನು ಹತ್ತು ವರ್ಷ ಸಪ್ಲಾಯ್ ಮಾಡಿದವ. ಇವ ಓಡ್ತಾ ಇಲ್ಲ. ಗಲ್ಲಾಪೆಟ್ಟಿಗೆ ಮುಂದೆ ಕೂತು ಮೆನು ಓದಿದ ಹಾಗೆ ಉಂಟು."

ಮಲ್ಹೋತ್ರಾ ಗಡಿಯಾರ ನೋಡಿಕೊಂಡರು. "ಉಸಿರು ಯಾರು ಗಮನಿಸ್ತಾರೆ? ನವರಾತ್ರಿಗೆ ಮುಂಚೆ ಅಂಗಡಿಗಳಲ್ಲಿರಬೇಕು. ಕ್ಯಾಸೆಟ್ ತೆಗೆಯಲು ಗುರುವಾರ ಫ್ಯಾಕ್ಟರಿಗೆ ಮಾಸ್ಟರ್ ಟೇಪು ಹೋಗಲೇಬೇಕು. ಇದೇ ಹೋಗುತ್ತೆ."

ಮೂಲ ಅಳಿದಿತ್ತು. ಮತ್ತೆ ಹೇಳಿಸುವಂತಿರಲಿಲ್ಲ. ಉಳಿದದ್ದು ನನ್ನ ಮೇಜಿನ ಕೆಳಗಿನ ಡಬ್ಬಿ. "ಸರ್, ಗುರುವಾರದವರೆಗೆ ಸಮಯ ಕೊಡಿ, ಉಸಿರು ಎಲ್ಲವೂ ಇದೆ" ಎಂದೆ. ಮಲ್ಹೋತ್ರಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಉಪ್ಪಿನಕಾಯಿ ಭರಣಿಯಲ್ಲಿ ಗಾಳಿ ತುಂಬಿಟ್ಟಿದ್ದೇನೆ ಎಂದ ಹಾಗೆ. ಸಾಹೇಬರು ಎದ್ದು ನಿಂತರು. ಅವರ ಜೀವಮಾನದ ಕೆಲಸವನ್ನು ಉಲ್ಟಾ ಮಾಡುವ ಮಾತು ಅದು. ಕೋಟು ತೆಗೆದುಕೊಂಡು ಹೊರಟುಹೋದರು.

ಮರುದಿನ ಬೆಳಗ್ಗೆ ಕುರ್ಲಾದಿಂದ ಒಂದು ಲೋಕಲ್ ಮುಂಚಿತವಾಗಿಯೇ ಹಿಡಿದು ಬಂದೆ. ಅಣ್ಣ ತಮ್ಮ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಜಯಣ್ಣ ಹೋಟೆಲಿನಿಂದ ತಂದ ಇಡ್ಲಿಯ ಪೊಟ್ಟಣ ಇಟ್ಟು, "ಇವನನ್ನು ನಿಮ್ಮ ಕೈಗೆ ಬಿಟ್ಟೆ ಅಕ್ಕಾ, ಮಾತಾಡಿದ್ರೆ ಬ್ಲೇಡ್ ತೋರಿಸಿ" ಎಂದು ಹೋದ.

ಡಬ್ಬಿ ಸುರಿದೆ. ಕಂದು ತುಂಡುಗಳ ರಾಶಿ, ಮೇಲೆ ಯಾವ ಗುರುತೂ ಇಲ್ಲ. ಯಾವ ಉಸಿರು ಯಾವ ಸಾಲಿನದು? ನನಗೆ ತಿಳಿದ ಉಪಾಯ ಒಂದೇ, ಉದ್ದ. ಸ್ವಚ್ಛ ಮಾಡಿದ ದನಿಯ ಟೇಪಿನಲ್ಲಿ ನಾನು ಕೂರಿಸಿದ್ದ ಖಾಲಿ ತುಂಡಿನ ಪಕ್ಕದಲ್ಲಿ ಒಂದೊಂದು ಉಸಿರನ್ನೂ ಮಲಗಿಸಿ ನೋಡುವುದು; ತುದಿಗೆ ತುದಿ ಕೂತರೆ ಇರಬಹುದು. ಆದರೆ ಒಂದೇ ಉದ್ದದವು ಬೇಕಾದಷ್ಟಿದ್ದವು. ಅಲ್ಲಿಂದ ಮುಂದೆ ಸದಾನಂದನ ಕೆಲಸ. ನಾನು ತುಂಡನ್ನು ಮಶೀನಿಗೆ ಹಾಕಿ ಕೇಳಿಸುತ್ತಿದ್ದೆ. ಅವನು ಕಣ್ಣು ಮುಚ್ಚಿ, ದನಿಯೇ ಇಲ್ಲದೆ ತುಟಿ ಮಾತ್ರ ಆಡಿಸುತ್ತಾ ಇಡೀ ಸಾಲು ಹೇಳಿಕೊಂಡು, ಕೊನೆಗೆ ಬಂದಲ್ಲಿ ಉಸಿರೆಳೆಯುತ್ತಿದ್ದ. ಎದೆಗೆ ಬಂದದ್ದೂ ಕಿವಿಗೆ ಬಿದ್ದದ್ದೂ ಒಂದೇ ಅನ್ನಿಸಿದರೆ ಬೆರಳು ಎತ್ತುತ್ತಿದ್ದ. ಇಲ್ಲದಿದ್ದರೆ ತಲೆಯಾಡಿಸಿ, ಇನ್ನೊಂದು ಸಾಲು ಹೇಳಿಕೊಂಡು ನೋಡುತ್ತಿದ್ದ. ನಾನು ಅಷ್ಟು ವರ್ಷ ಉಸಿರು ತೆಗೆದಿದ್ದೆನಲ್ಲ, ಎಲ್ಲವೂ ಒಂದೇ ಸರಸರ ಎಂದುಕೊಂಡಿದ್ದೆ. ಅವನ ಪಕ್ಕ ಕೂತು ಕೇಳಿದಾಗ ಬೇರೆ ಬೇರೆ ಎಂದು ತಿಳಿಯತೊಡಗಿತು. ಓಡಿ ಬಂದು ನಿಂತದ್ದು, ಬೈಸಿಕೊಂಡು ನುಂಗಿದ್ದು, ಆ ಹುಡುಗಿಯ ಟೇಬಲ್ಲಿಗೆ ಹೋಗುವ ಮುಂಚಿನದು.

ಒಮ್ಮೆ ಒಂದು ತುಂಡು ಹಾಕಿದೆ. ಗವಿಯೊಳಗಿಂದ ಬಂದಂಥ ನಿಟ್ಟುಸಿರು, ಹಿಂದೆಯೇ "ಹೂಂ". ನಮ್ಮ ಮಹಾರಾಜರು! ಅದೇ ವಾರ ಅವರ ಪ್ರವಚನವನ್ನೂ ಕತ್ತರಿಸಿ ಅದೇ ಡಬ್ಬಿಗೆ ಹಾಕಿದ್ದೆ. ಸದಾನಂದ ಅದನ್ನು ತನ್ನ 'ದೋ ಮಸಾಲಾ' ಸಾಲಿನ ಕೊನೆಗೆ ಸೇರಿಸಿಯೇ ತೀರಬೇಕೆಂದು ಕೈಸನ್ನೆ ಮಾಡಿದ. ಸೇರಿಸಿದೆ. ಎರಡು ಮಸಾಲೆ ದೋಸೆ ಕೂಗಿದವನು ಸಂಸಾರದ ಅಸಾರತೆಯನ್ನು ನೆನೆದ ಹಾಗೆ ಕೇಳಿಸಿತು. ಹುಡುಗ ಶಬ್ದ ಹೊರಡದಂತೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಉರುಳಿದ. "ನಗಬೇಡ್ವೋ, ಗಂಟಲು!" ಎಂದು ಗದರಿಸುತ್ತಾ ನನಗೇ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ತುಂಡನ್ನು ಬಿಡಿಸಿ ಮಹಾರಾಜರಿಗೆ ಬೇರೆ ಪೊಟ್ಟಣ ಕಟ್ಟಿಟ್ಟೆ.

ದಿನಕ್ಕೆ ಒಂದು ಚರಣದ ಹಾಗೆ ನಡೆಯಿತು. ಸಾಹೇಬರು ಬಾಗಿಲ ತನಕ ಬಂದು, ನೋಡಿ, ಹೋಗುತ್ತಿದ್ದರು. ಬುಧವಾರ ಊಟದ ಹೊತ್ತಿಗೆ ಎಲ್ಲವೂ ಕೂತಿತು, ಒಂದು ಬಿಟ್ಟು. ಕೊನೆಯ ಚರಣದಲ್ಲಿ, ಹೋಟೆಲು ಖಾಲಿಯಾದ ಮೇಲೆ, ತನ್ನ ತಟ್ಟೆಯನ್ನು ಕೂಗಿಕೊಳ್ಳುವ ಮುಂಚಿನ ಉಸಿರು. ಡಬ್ಬಿ ಕೊಡವಿದೆ, ಮೇಜಿನಡಿ ಗುಡಿಸಿದೆ, ಚಪ್ಪಲಿ ತಿರುವಿ ನೋಡಿದೆ. ಸಿಕ್ಕಲಿಲ್ಲ.

ಜಯಣ್ಣ ಟಿಫಿನ್ ಕ್ಯಾರಿಯರ್ ಬಿಚ್ಚುತ್ತಾ, "ಅಕ್ಕಾ, ಡಾಕ್ಟ್ರು ಮಾತಾಡ್ಬೇಡ ಅಂದದ್ದು. ಉಸಿರಾಡ್ಬೇಡ ಅಂತ ಹೇಳ್ಲಿಲ್ಲ. ಹೊಸತು ಒಂದು ಎಳೀಲಿ ಅಲ್ವಾ?" ಎಂದ.

ನನ್ನ ಸಣ್ಣ ಮೈಕಿನ ಮುಂದೆ ಕೂರಿಸಿ ಎಳೆಸಿದೆ. ಹೂವಿನ ವಾಸನೆ ನೋಡಿದ ಹಾಗಿತ್ತು. ಮತ್ತೆ ಎಳೆಸಿದೆ. ನೆಗಡಿ ಬಂದವರ ಹಾಗಾಯಿತು. ಕೂತು ಎಳೆದ ಉಸಿರಿಗೂ ಆ ಹಾಡಿನ ಉಸಿರಿಗೂ ಸಂಬಂಧವೇ ಇರಲಿಲ್ಲ. ಸದಾನಂದ ಮುಖ ಕೈಯಲ್ಲಿ ಮುಚ್ಚಿಕೊಂಡ.

ಬಾಗಿಲಲ್ಲಿ ಸಾಹೇಬರು ನಿಂತಿದ್ದರು. "ಈ ಕಚಡಾ ಮೈಕಿನಲ್ಲಿ ಏನು ಮಾಡ್ತಿದ್ದೀಯಾ?" ಎಂದು ನನ್ನನ್ನೇ ಗದರಿಸಿದರು. ಆಮೇಲೆ ಅವನಿಗೆ, "ಡಿಕ್ರಾ, ಜೂತಾ ಉತಾರ್. ಅಂದರ್ ಚಲ್." ಬೂಟು ಕಳಚಿ ದೊಡ್ಡ ಸ್ಟುಡಿಯೋದೊಳಗೆ ಬಾ ಎಂದರು.

ದೊಡ್ಡ ಗಾಯಕರಿಗೆ ಮಾತ್ರ ಹೊರತೆಗೆಯುತ್ತಿದ್ದ ಮೈಕನ್ನು ಸಾಹೇಬರು ತಾವೇ ಕಂಬಕ್ಕೆ ಸಿಕ್ಕಿಸಿದರು. ಮಂಡಿಯ ಕೈಗಾಡಿಗಳ ಸದ್ದು ಬಾರದಿರಲೆಂದು ಎರಡೂ ಬಾಗಿಲು ಹಾಕಿಸಿದರು. ಕೆಂಪು ದೀಪ ಹತ್ತಿತು. ಕಿವಿಗೆ ಹೆಡ್‌ಫೋನು ಕೊಟ್ಟು ಹಾಡನ್ನು ಮೊದಲಿಂದ ಬಿಟ್ಟರು. ಸದಾನಂದ ಬರಿಗಾಲಲ್ಲಿ ಆ ಕೋಣೆಯ ಉದ್ದಕ್ಕೂ ಓಡಿದ. ಕೈಮೇಲೆ ಕಾಣದ ತಟ್ಟೆಗಳು, ತುಟಿಯ ಮೇಲೆ ಕೇಳದ ಆರ್ಡರು. ಗೋಡೆಯ ತನಕ ಹೋಗಿ ಹಿಂದಿರುಗಿ, ಟೇಬಲ್ಲುಗಳ ನಡುವೆ ನುಸುಳಿದ ಹಾಗೆ ಸೊಂಟ ತಿರುಗಿಸಿ. ಗಾಜಿನ ಈಚೆ ಜಯಣ್ಣ ಏನೂ ತಮಾಷೆ ಮಾಡಲಿಲ್ಲ. "ನಮ್ಮಪ್ಪ ಹೀಗೇ ಓಡ್ತಿದ್ರು" ಎಂದ, ಅಷ್ಟೇ. ಕೊನೆಯ ಚರಣ ಬಂತು. ಸದಾನಂದ ಮೈಕಿನ ಮುಂದೆ ಬಂದು ನಿಂತ, ಬೆವರು ಇಳಿಯುತ್ತಿತ್ತು, ಒಂದು ಉಸಿರು ಎಳೆದ.

ಸಾಹೇಬರು ಮಶೀನು ನಿಲ್ಲಿಸಿ, ಹಿಂದೆ ತಿರುಗಿಸಿ, ಆ ಉಸಿರನ್ನು ಇನ್ನೊಮ್ಮೆ ಕೇಳಿದರು. "ಗಂದಾ ಹೈ" ಎಂದರು. ಕೊಳಕು. ಆಮೇಲೆ, "ಲೇಕಿನ್ ಉಸ್‌ಕಾ ಹೈ. ಲಗಾ ದೇ." ಕೊಳಕಾದರೂ ಅವನದು, ಸೇರಿಸಿಬಿಡು.

ಗುರುವಾರ ಮಾಸ್ಟರ್ ಹೋಯಿತು. ಸಾಹೇಬರು ಅದರ ನಂತರವೂ ಭಜನೆಗಳ ಉಸಿರನ್ನು ಬೆರಳಲ್ಲಿ ಇಳಿಸುತ್ತಲೇ ಇದ್ದರು. ನನಗೂ ಪ್ರವಚನಗಳಿಗೆ ಬ್ಲೇಡು ಹಾಕುವುದು ತಪ್ಪಲಿಲ್ಲ. ಮಹಾರಾಜರ "ಹೂಂ" ಮಾತ್ರ ಅಲ್ಲಲ್ಲಿ ಬಿಡತೊಡಗಿದೆ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲವು ವರ್ಷಗಳಲ್ಲಿ ಕಂಪ್ಯೂಟರು ಬಂತು, ನನ್ನ ಮೇಜು ಗೋದಾಮಿಗೆ ಹೋಯಿತು. ಈಗ ಉಸಿರನ್ನೆಲ್ಲ ತಾನೇ ಹುಡುಕಿ ತೆಗೆಯುವ ಗುಂಡಿ ಇದೆಯಂತೆ. ತಂಗಿಯ ಮಗಳು ತೋರಿಸಿದಳು. ಒತ್ತುವ ಮುಂಚೆ ಒಂದು ಸಲ ಕೇಳಿ ನೋಡು ಎಂದೆ. ಒತ್ತಬೇಡ ಅನ್ನಲಿಲ್ಲ. ಎಷ್ಟೋ ಕಡೆ ಅದು ಬೇಕಾಗುತ್ತದೆ.

ಸದಾನಂದನ ಆಪರೇಷನ್ ಹಬ್ಬ ಕಳೆದ ಮೇಲೆ ಆಯಿತು. ದನಿ ಬಂತು, ಬೇರೆ ದನಿ. ದಪ್ಪಗೆ, ಸ್ವಲ್ಪ ಮರಳು ಸೇರಿದ ಹಾಗೆ. ಅದರಲ್ಲೂ ಹೇಳಿದ, ಅದಕ್ಕೂ ಅಭಿಮಾನಿಗಳು ಹುಟ್ಟಿಕೊಂಡರು. ಆದರೆ ಅದಕ್ಕೂ ಮೊದಲು, ಅವನಿನ್ನೂ ಮೌನದಲ್ಲಿದ್ದಾಗ, ನವರಾತ್ರಿಯ ಒಂದು ಬೆಳಗ್ಗೆ, ನಾನು ಕುರ್ಲಾದಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆ. ಕೂರಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಇಬ್ಬರು ಕಾಲೇಜು ಹುಡುಗಿಯರು ಕಂಬ ಹಿಡಿದು ನಿಂತು 'ಏಕ್ ಸಾದಾ' ಹೇಳಿಕೊಳ್ಳುತ್ತಿದ್ದರು. ಕೊತ್ತಂಬರಿ ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಎರಡು ಜಡೆಯವಳು ಒಂದೇ ದಮ್ಮಿನಲ್ಲಿ ಎರಡು ಸಾಲು ಓಡಿಸಲು ಹೋಗಿ, ಚಟ್ನಿಯ ಹತ್ತಿರ ಮುಗ್ಗರಿಸಿ, ಕೆಮ್ಮಿ, ನಿಂತಳು.

"ಅರೇ ಪಾಗಲ್" ಎಂದು ಇನ್ನೊಬ್ಬಳು ಅವಳ ಬೆನ್ನಿಗೆ ಗುದ್ದಿದಳು, "ಉಧರ್ ಸಾಂಸ್ ಲೇ ನಾ! ವೋ ಭೀ ಉಧರ್ ಹೀ ಲೇತಾ ಹೈ!" ಅಲ್ಲಿ ಉಸಿರು ತಗೋ, ಅವನೂ ಅಲ್ಲೇ ತಗೊಳ್ಳುತ್ತಾನೆ.

ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಜಾಗ ಬಂದಾಗ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡು, ಸಾಲು ಬಿಡದೆ ಮುಂದೆ ಹೋದರು.